ನೂರು ಮನೆಯ ಅಕ್ಷರ ಚೌಕ

ಲಕ್ವ ಹೊಡೆದ ಮೇಲೆ ನನ್ನ ಗಂಡನ ಬಾಯಲ್ಲಿ ಉಳಿದದ್ದು ಎರಡೇ ಮಾತು: 'ರೈಟ್' ಮತ್ತು 'ಹೋಲ್ಡಾನ್'. ಇಪ್ಪತ್ತೆಂಟು ವರ್ಷ ಭಟ್ಕಳ–ಕುಮಟಾ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಚಹಾ ಬೇಕೇ ಅಂದರೆ ರೈಟ್. ಗಂಜಿ ಅಂದರೆ ಹೋಲ್ಡಾನ್. ಒಂದು ಸಂಸಾರ ನಡೆಯಲು ಇಷ್ಟು ಸಾಕು ಎಂಬುದು ನನಗೆ ಮೊದಲ ವಾರದಲ್ಲೇ ಗೊತ್ತಾಯಿತು. ಉಳಿದದ್ದನ್ನೆಲ್ಲ ನಾವು ಇಷ್ಟು ವರ್ಷ ಸುಮ್ಮನೆ ಆಡುತ್ತಿದ್ದೆವು.

ಪ್ರತಿ ಮಂಗಳವಾರ ಹೊನ್ನಾವರದ ನಮ್ಮ ಮನೆಯಿಂದ ಅವರನ್ನು ಕುಮಟಾದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಮಾತು ಕಲಿಸುವ ತೆರಪಿಸ್ಟ್ ಅಲ್ಲಿಗೆ ವಾರಕ್ಕೊಮ್ಮೆ ಬರುತ್ತಿದ್ದಳು. ಹೋಗುವುದು ಬಸ್ಸಿನಲ್ಲೇ. ಒಮ್ಮೆ ಹಳದೀಪುರದ ಸ್ಟಾಪಿನಲ್ಲಿ ಇವರು ಕುಳಿತಲ್ಲಿಂದಲೇ 'ರೈಟ್' ಅಂದುಬಿಟ್ಟರು. ಆ ಗಂಟಲು ಗೊತ್ತಿದ್ದ ಡ್ರೈವರ್ ಬಸ್ಸು ಬಿಟ್ಟ. ಮೀನಿನ ಬುಟ್ಟಿ ಒಳಗೆ ಬಂದಿತ್ತು, ಮೀನಿನವಳು ಇನ್ನೂ ಕೆಳಗಿದ್ದಳು. ಅವಳು ಕೊಂಕಣಿಯಲ್ಲಿ ನಮ್ಮ ಇಡೀ ವಂಶವನ್ನು ಒಂದು ಸುತ್ತು ಹಾಕಿ ಬಂದಳು. ಇವರಿಗೆ ಅಷ್ಟೂ ಅರ್ಥವಾಯಿತು, ಮುಖ ಕೆಂಪಾಯಿತು. ಹಾಗಾದರೆ ತಲೆ ಸರಿಯಿದೆ ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಆ ಸಮಾಧಾನ ಕುಮಟಾ ಮುಟ್ಟುವವರೆಗೆ ಇತ್ತು. ತೆರಪಿಸ್ಟ್ ಮೈಸೂರಿನ ಕಡೆಯ ಹುಡುಗಿ, ಬಹಳ ಒಳ್ಳೆಯವಳು, ಕೈಯಲ್ಲಿ ಸದಾ ಒಂದು ಫಾರ್ಮ್.

"ನಿಮ್ಮ ಮನೆಯವರ ಹೆಸರು ಹೇಳಿ ಸರ್."

ಇವರು ನನ್ನನ್ನು ನೋಡಿದರು. ಆಮೇಲೆ ಫ್ಯಾನನ್ನು ನೋಡಿದರು. ಅವಳು ನಾಲ್ಕು ಹೆಸರು ಬರೆದು ಮುಂದಿಟ್ಟು, ಬೆರಳಿಟ್ಟು ತೋರಿಸಿ ಅಂದಳು. ಬೆರಳು ಏಳಲಿಲ್ಲ. ಅವಳು ಫಾರ್ಮಿನಲ್ಲಿ ಒಂದು ಸೊನ್ನೆ ಬರೆದಳು. ನಾನು ಶಾಲೆಯಲ್ಲಿ ಗಣಿತದ ಟೀಚರು, ಸೊನ್ನೆಯನ್ನು ತಲೆಕೆಳಗಾಗಿಯೂ ಓದಬಲ್ಲೆ.

ವಿಷಯ ಏನೆಂದರೆ, ಅವರು ನನ್ನ ಹೆಸರನ್ನು ಮೊದಲೂ ಒಂದು ದಿನವೂ ಹೇಳಿದ್ದಿಲ್ಲ. ನನ್ನ ಅತ್ತೆಯ ಹೆಸರೂ ಅದೇ. ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕೂಗುವುದು ಹೇಗೆ? ಮದುವೆಯಲ್ಲಿ ನನ್ನ ಹೆಸರು ಬದಲಿಸುವ ಮಾತು ಬಂದಿತ್ತು. ಸರ್ಟಿಫಿಕೇಟಿನಲ್ಲೆಲ್ಲ ಇದೇ ಇದೆ, ಬೇಕಾದರೆ ನಿಮ್ಮ ಅಮ್ಮನದ್ದು ಬದಲಿಸಿ ಎಂದು ನಾನೇ ಹಟ ಹಿಡಿದೆ. ಕೊನೆಗೆ ಯಾರದ್ದೂ ಬದಲಾಗಲಿಲ್ಲ. ನಾನು ಮನೆಯಲ್ಲಿ 'ಹೋಯ್' ಆದೆ. ಅತ್ತೆ ತೀರಿಕೊಂಡು ಒಂಬತ್ತು ವರ್ಷವಾದರೂ ನಾನು ಹೋಯ್ ಆಗಿಯೇ ಉಳಿದೆ.

ಇದನ್ನೆಲ್ಲ ಹುಡುಗಿಗೆ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿ, "ಹೇಳದೇ ಇದ್ರೂ ಗೊತ್ತಂತೂ ಇರ್ಬೇಕಲ್ವಾ ಮೇಡಂ?" ಅಂದಳು. ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಗೊತ್ತಿದ್ದೂ ಹೇಳದವರು ಮತ್ತು ಮರೆತುಹೋಗಿ ಹೇಳದವರು ಹೊರಗಿನಿಂದ ಒಂದೇ ಥರ ಕಾಣುತ್ತಾರೆ. ನನಗೆ ಹೆದರಿಕೆಯಾಯಿತು. ಮೀನಿನವಳ ಬೈಗುಳ ಅವರ ತಲೆಯಲ್ಲಿ ಉಳಿದು ನಾನು ಅಳಿಸಿಹೋಗಿದ್ದರೆ ಅದನ್ನು ಯಾರಿಗೆ ಹೇಳಿಕೊಳ್ಳುವುದು?

ಅಕ್ಷರಗಳ ಗುಂಪಿನಲ್ಲಿ ಪದ ಹುಡುಕಿಸಿ, ಒಳ್ಳೆಯ ಅಭ್ಯಾಸ ಎಂದು ಅವಳೇ ಹೇಳಿದಳು. ಹೊನ್ನಾವರದ ಅಂಗಡಿಗಳಲ್ಲಿ ಅಂಥ ಪುಸ್ತಕ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಶಾಲೆಯಲ್ಲಿ ಕಂಪ್ಯೂಟರ್ ಪೀರಿಯಡ್ಡನ್ನೂ ನನ್ನ ತಲೆಗೇ ಕಟ್ಟಿದ್ದರಿಂದ ನಾಲ್ಕಕ್ಷರ ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್ ಬರೆಯಲು ಬರುತ್ತಿತ್ತು; ನಾನೇ ಒಂದು ಚೌಕ ಮಾಡಲು ಕುಳಿತೆ. ಅಡ್ಡ ಹತ್ತು, ಉದ್ದ ಹತ್ತು, ಒಂದರೊಳಗೊಂದು ಎರಡು ಲೂಪ್. ನೂರು ಮನೆಗೂ ರ‍್ಯಾಂಡಮ್ ಆಗಿ ಒಂದೊಂದು ಅಕ್ಷರ. ಇಂಗ್ಲಿಷಿನಲ್ಲಾದರೆ ಐದು ನಿಮಿಷದ ಕೆಲಸ.

ಕನ್ನಡದಲ್ಲಿ ಮೂರು ದಿನ ಹಿಡಿಯಿತು. ಮೊದಲ ಚೌಕದಲ್ಲಿ ಕೊಂಬು, ಇಳಿ, ದೀರ್ಘಗಳು ಒಂದೊಂದಾಗಿ ಬಿದ್ದವು. ನಾವು 'ಕಿ' ಎಂಬುದನ್ನು ಒಂದು ಅಕ್ಷರ ಅಂದುಕೊಂಡಿದ್ದೇವೆ, ಕಂಪ್ಯೂಟರಿಗೆ ಅದು ಎರಡು. ಕ ಒಂದು ಮನೆಯಲ್ಲಿ, ಅದರ ಗುಡಿಸು ಇನ್ನೆಲ್ಲೋ ಚುಕ್ಕಿಗಳ ಒಂದು ಸೊನ್ನೆಯ ಮೇಲೆ ಕುಳಿತಿತ್ತು. ಬೇಸತ್ತು ಎಲ್ಲ ಗುಣಿತ ಕಿತ್ತುಹಾಕಿ ಬರೀ ವ್ಯಂಜನ ಇಟ್ಟೆ. ಆಗ ಙ ಮತ್ತು ಞ ಬಂದು ತುಂಬಿಕೊಂಡವು. ಒಂದನೇ ಇಯತ್ತೆಯ ನಂತರ ಯಾರೂ ಮುಖ ನೋಡದ ಅಕ್ಷರಗಳು; ಯಂತ್ರಕ್ಕೆ ಮಾತ್ರ ಕ-ಗೂ ಙ-ಗೂ ಭೇದವಿಲ್ಲ. ಇವರು ಹಾಳೆ ನೋಡಿ "ಹೋಲ್ಡಾನ್" ಅಂದರು. ಅವನ್ನೂ ತೆಗೆದೆ.

ಹೀಗೆ ಉಳಿದ ಅಕ್ಷರಗಳಲ್ಲಿ ದಿನಕ್ಕೆ ಐದು ಪದ ಅಡಗಿಸುತ್ತಿದ್ದೆ: ಜಗಳ, ಹವಳ, ಗುಣಿತವಿದ್ದ ಬಸಳೆಯ ಬದಲು ಪಡವಲ. ನನ್ನ ಹೆಸರು ಮೂರಕ್ಷರ, ಕೊಂಬಿಲ್ಲ, ಒತ್ತಿಲ್ಲ, ದೀರ್ಘವಿಲ್ಲ. ಯಾರಿಗೂ ಹೇಳದೆ ಅದನ್ನು ಆರನೆಯದಾಗಿ ಸೇರಿಸಿದೆ.

ಅವರು ಬೆಳಿಗ್ಗೆ ಊಟದ ಟೇಬಲ್ಲಿನಲ್ಲಿ ಕುಳಿತು ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಹುಡುಕುತ್ತಿದ್ದರು. ಐದೂ ಸಿಗುತ್ತಿತ್ತು. ಒಂದು ದಿನ ನಾನು ಅಡಗಿಸದೇ ಇದ್ದ ಇನ್ನೊಂದು ಪದಕ್ಕೂ ಸುತ್ತು ಹಾಕಿದರು. ಅದು 'ಶವ'. ನಾನು ಬರೆದದ್ದಲ್ಲ, ಅದಾಗಿಯೇ ಬಿದ್ದದ್ದು ಎಂದು ಎಷ್ಟು ಹೇಳಿದರೂ ಆ ದಿನವಿಡೀ ನನ್ನನ್ನು ಒಂದು ಥರ ನೋಡಿದರು. ನನ್ನ ಹೆಸರಿಗೆ ಮಾತ್ರ ಸುತ್ತು ಬೀಳಲಿಲ್ಲ. ಮೊದಲ ಸಾಲಿನಲ್ಲಿಟ್ಟೆ, ನಡುವೆ ಇಟ್ಟೆ, ಮೇಲಿನಿಂದ ಕೆಳಗೆ ಇಟ್ಟೆ. ಪೆನ್ಸಿಲ್ ಆ ಮೂರು ಮನೆಗಳ ಹತ್ತಿರ ಬಂದು, ಮಲಗಿದವರನ್ನು ದಾಟದೆ ಸುತ್ತಿ ಹೋಗುವ ಹಾಗೆ ಸುತ್ತಿ ಹೋಗುತ್ತಿತ್ತು. ಅಥವಾ ನನಗೆ ಹಾಗೆ ಕಾಣುತ್ತಿತ್ತು. ಬೇಕಾದದ್ದನ್ನು ಕಾಣುವುದು ಮನುಷ್ಯರ ರೋಗ, ಅದಕ್ಕೆ ಲಕ್ವ ಬೇಕಾಗಿಲ್ಲ.

ಹನ್ನೆರಡನೆಯ ದಿನ ನನಗೆ ಸಿಟ್ಟು ಬಂತು. ಕಾಯಿಲೆಯವರ ಮೇಲೆ ಸಿಟ್ಟು ಮಾಡಬಾರದು ಎಂದು ಗೊತ್ತಿದ್ದರಿಂದ ಇನ್ನೂ ಹೆಚ್ಚು ಬಂತು. ಪ್ರೋಗ್ರಾಮಿನ ಪಟ್ಟಿಯಲ್ಲಿದ್ದ ನನ್ನ ಹೆಸರನ್ನು ಅಳಿಸಿ, ಐದೇ ಪದದ ಚೌಕ ಪ್ರಿಂಟ್ ಮಾಡಿ ಅವರ ಮುಂದೆ ಇಟ್ಟು, ಶಾಲೆಗೆ ಡಬ್ಬಿ ಕಟ್ಟತೊಡಗಿದೆ.

ಹತ್ತು ನಿಮಿಷದಲ್ಲಿ ಐದಕ್ಕೂ ಸುತ್ತು ಬಿತ್ತು. ಆದರೆ ಅವರು ಪೆನ್ಸಿಲ್ ಕೆಳಗಿಡಲಿಲ್ಲ. ಅಡ್ಡ ನೋಡಿದರು. ಉದ್ದ ನೋಡಿದರು. ಹಾಳೆ ತಿರುಗಿಸಿ ಕೆಳಗಿನಿಂದ ಮೇಲೆ ನೋಡಿದರು. ಪೆನ್ಸಿಲ್ ಒಂದೊಂದೇ ಮನೆ ಮುಟ್ಟುತ್ತಾ ಹೋಯಿತು, ನೂರೂ ಮನೆ.

"ಆತು, ಐದೂ ಆತಲ್ಲ. ಇನ್ನೆಂತ ಇದ್ದು?" ಅಂದೆ.

"ಹೋಲ್ಡಾನ್."

ಇನ್ನೊಮ್ಮೆ ಮೊದಲಿನಿಂದ ಹೊರಟರು. ಬಸ್ಸು ತಪ್ಪಿದರೆ ತಪ್ಪಲಿ ಎಂದು ನಾನು ಡಬ್ಬಿ ಹಿಡಿದು ನಿಂತೇ ಇದ್ದೆ. ಕೊನೆಗೆ ಅವರು ತಲೆ ಎತ್ತಿದರು. ಮುಖದಲ್ಲಿ ಗಾಬರಿ. ಹಾಳೆಯ ಮೇಲೆ ಅಂಗೈ ಬಡಿದು, ಎರಡು ತಿಂಗಳಲ್ಲಿ ಮೊದಲ ಸಲ ಬಸ್ಸಿನದ್ದಲ್ಲದ ಮಾತು ಆಡಿದರು.

"ನೀ ಇಲ್ಲೆ."

ನಮ್ಮ ಮನೆ ಮಾತಿನಲ್ಲಿ 'ಇಲ್ಲೆ' ಅಂದರೆ ಇಲ್ಲ. ನೀನು ಇದರಲ್ಲಿ ಇಲ್ಲ. ಹನ್ನೊಂದು ದಿನವೂ ನನ್ನನ್ನು ಕಂಡಿದ್ದರು, ಕಂಡು ಸುಮ್ಮನಿದ್ದರು. ನಾನು ಡಬ್ಬಿ ಕೆಳಗಿಟ್ಟು ಅತ್ತುಬಿಟ್ಟೆ. ಆ ದಿನ ಶಾಲೆಗೆ ರಜೆ ಹಾಕಿದೆ, ಕಾರಣ ಹೊಟ್ಟೆನೋವು ಎಂದು ಬರೆದೆ.

ಮುಂದಿನ ಮಂಗಳವಾರ ಹುಡುಗಿ ಅದೇ ಪ್ರಶ್ನೆ ಕೇಳಿದಳು. ಇವರು ನನ್ನನ್ನು ನೋಡಿದರು, ಅವಳ ಕೈಯಲ್ಲಿದ್ದ ಫಾರ್ಮ್ ನೋಡಿದರು, ಅದರಲ್ಲೂ ನನ್ನ ಹೆಸರು ಇರಲಿಲ್ಲ. "ನೀ ಇಲ್ಲೆ" ಅಂದರು ನನಗೆ. ಅವಳಿಗೆ ಬಹಳ ಸಂತೋಷವಾಯಿತು. 'ನೀ ಇಲ್ಲೇ' ಎಂದು ದೀರ್ಘ ಹಾಕಿ ಬರೆದುಕೊಂಡಳು. ಅವಳ ಕನ್ನಡದಲ್ಲಿ ಅದಕ್ಕೆ ನೀನು ಇಲ್ಲಿಯೇ ಇದ್ದೀಯ ಎಂದು ಅರ್ಥ. ಹೆಸರಿಲ್ಲದಿದ್ದರೂ ಗುರುತು ಹಿಡಿದರಲ್ಲ ಎಂದು ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟಳು. ನಾನು ಅದನ್ನು ತಿದ್ದಲಿಲ್ಲ.