ನಾಲ್ಕಕ್ಕೆ ನಿಲ್ಲದ ಡ್ರಮ್ಮರ್

ಕಳೆದ ತಿಂಗಳು ವಿಜಯನಗರದ ಮಾರುಕಟ್ಟೆ ಹತ್ತಿರ ಆಟೋಗೆ ಕಾಯುತ್ತ ನಿಂತಿದ್ದೆ. ಪಕ್ಕದ ಅಂಗಡಿಯವನು ಖಾಲಿ ಮೊಟ್ಟೆ ಟ್ರೇಗಳನ್ನು ಫುಟ್‌ಪಾತಿನ ಮೇಲೆ ಎದೆಯೆತ್ತರ ಪೇರಿಸಿದ್ದ. ಬಿಸಿಲಿಗೆ ಕಾದ ಆ ಬೂದು ರಟ್ಟಿನಿಂದ ಒಂದು ವಾಸನೆ ಬರುತ್ತದೆ, ಹಳೇ ನೋಟ್‌ಬುಕ್ಕೂ ಕೋಳಿಗೂಡೂ ಸೇರಿದ ಹಾಗೆ. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದರೇನೋ. ನನಗೆ ಸಿಟ್ಟು ಬಂತು. ನಲವತ್ತು ವರ್ಷದ ಹಿಂದಿನ ಸಿಟ್ಟು, ನಮ್ಮ ಡ್ರಮ್ಮರ್ ಮೇಲಿನದು.

ಎಂಬತ್ತರ ದಶಕದ ರಾಜಾಜಿನಗರದಲ್ಲಿ ನಮ್ಮದೊಂದು ಬ್ಯಾಂಡಿತ್ತು. ಮದುವೆ ಬ್ಯಾಂಡಲ್ಲ, ರಾಕ್ ಬ್ಯಾಂಡು. ಅದರಲ್ಲೂ ಪ್ರೋಗ್ರೆಸಿವ್ ರಾಕು. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ ನಾವು ಅರ್ಧ ಗಂಟೆ ವಿವರಿಸುತ್ತಿದ್ದೆವು, ಕೇಳಿದವರು ಮತ್ತೆ ನಮ್ಮ ಕಡೆ ತಲೆ ಹಾಕುತ್ತಿರಲಿಲ್ಲ. ಸುಲಭವಾಗಿ ಹೇಳುವುದಾದರೆ, ಉಳಿದವರ ಹಾಡು ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು, ನಮ್ಮದು ಹತ್ತೊಂಬತ್ತು ನಿಮಿಷ ಹಿಡಿಯುತ್ತಿತ್ತು. ಉಳಿದವರ ತಾಳ ನಾಲ್ಕರ ಎಣಿಕೆಯಲ್ಲಿ ನಡೆಯುತ್ತಿತ್ತು, ನಮ್ಮದು ಏಳರಲ್ಲಿ ಶುರುವಾಗಿ ಹನ್ನೊಂದಕ್ಕೆ ಹೋಗಿ ಎಲ್ಲೋ ಒಂದು ಕಡೆ ಇಳಿಯುತ್ತಿತ್ತು. ಒಮ್ಮೆ ಒಂದು ಕಾಲೇಜಿನಲ್ಲಿ ನುಡಿಸಿದಾಗ ಮುಂದಿನ ಸಾಲಿನವರು ಎದ್ದು ಹೋಗಿ, ಕ್ಯಾಂಟೀನಿನಲ್ಲಿ ದೋಸೆ ತಿಂದು, ಕಾಫಿ ಕುಡಿದು ಬಂದರು. ನಾವಿನ್ನೂ ಅದೇ ಹಾಡಿನಲ್ಲಿದ್ದೆವು.

ನಾವು ನಾಲ್ಕು ಜನ. ನಾನು ಗಿಟಾರು. ಹಾಡುವವನೊಬ್ಬ, ಬೇಸ್ ಗಿಟಾರಿನವನೊಬ್ಬ, ಮತ್ತೆ ಇವನು, ನಮ್ಮ ಡ್ರಮ್ಮರ್. ಇವನು ಕಾರ್ಖಾನೆಯಲ್ಲಿ ಫಿಟ್ಟರ್. ಚಿಕ್ಕಂದಿನಲ್ಲಿ ಮನೆಯ ಹತ್ತಿರದ ಮೇಷ್ಟ್ರ ಬಳಿ ಆರು ವರ್ಷ ಮೃದಂಗ ಕಲಿತಿದ್ದ. ಆಮೇಲೆ ಎಲ್ಲಿಂದಲೋ ಹಳೆಯ ಡ್ರಮ್ ಸೆಟ್ಟೊಂದನ್ನು ಹೊತ್ತುಕೊಂಡು ಬಂದ. ಲೆಕ್ಕವೆಲ್ಲ ಮೃದಂಗದ್ದು, ಸದ್ದು ಮಾತ್ರ ಡ್ರಮ್ಮಿನದು. ಅವನ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಅಂಥ ಕೈ ಆಮೇಲೆ ನಾನು ಎಲ್ಲೂ ನೋಡಲಿಲ್ಲ...

ಪ್ರಾಕ್ಟೀಸು ನಡೆಯುತ್ತಿದ್ದದ್ದು ಅವನ ಮನೆಯ ಮಹಡಿ ಮೇಲಿನ ಶೀಟಿನ ಕೋಣೆಯಲ್ಲಿ. ಅಕ್ಕಪಕ್ಕದವರು ಗಲಾಟೆ ಮಾಡಿದ್ದಕ್ಕೆ ಸದ್ದು ತಡೆಯಲು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಬೇಕು ಎಂದು ಅವನೇ ಹೇಳಿದ. ಆ ಮನೆಯಲ್ಲಿ ಈರುಳ್ಳಿಗೇ ವಾರಕ್ಕೆರಡು ದಿನ ರಜೆ. ಮೊಟ್ಟೆಯ ಮಾತೆಲ್ಲಿ ಬಂತು? ಇವನು ಮಾಗಡಿ ರಸ್ತೆಯಿಂದ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ನೂರಾರು ಟ್ರೇ ತಂದ. ಪ್ರತಿ ಸಲ ತಂದಾಗಲೂ ಅವರಮ್ಮ ಬಾಗಿಲಲ್ಲೇ ನಿಲ್ಲಿಸಿ ಸ್ನಾನಕ್ಕೆ ಅಟ್ಟಿದರು. ಒಂದೇ ಭಾನುವಾರ ಐದು ಸಲ ಸ್ನಾನ ಮಾಡಿದ ಪುಣ್ಯಾತ್ಮ. ಒಟ್ಟಿಗೆ ಒಂದು ಗಾಡಿಯಲ್ಲಿ ತರಿಸೋ ಅಂದರೆ ಕೇಳಲಿಲ್ಲ. ಯಾವುದನ್ನೂ ಸುಲಭದ ದಾರಿಯಲ್ಲಿ ಮಾಡುವುದು ಅವನ ಜಾತಕದಲ್ಲೇ ಇರಲಿಲ್ಲ.

ಹೀಗಿರುವಾಗ ನಾವು ದೇವರೆಂದು ನಂಬಿದ್ದ ವಿಲಾಯಿತಿಯ ಬ್ಯಾಂಡೊಂದರ ಹೊಸ ಕ್ಯಾಸೆಟ್ ಬಂತು. ಹಾಡುವವನು ತಂದು ಹಾಕಿದ. ನಾಲ್ಕು ನಿಮಿಷಕ್ಕೆ ಒಂದು ಹಾಡು. ನೇರವಾದ ತಾಳ, ಯಾರು ಬೇಕಾದರೂ ಗುನುಗಬಹುದಾದ ಪಲ್ಲವಿ. ನಿಜ ಹೇಳಬೇಕೆಂದರೆ ನನಗೆ ಅದು ಹಿಡಿಸಿತ್ತು, ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಡ್ರಮ್ಮರ್ ಮಾತ್ರ ಕ್ಯಾಸೆಟ್ಟನ್ನು ಹೊರಗೆ ತೆಗೆದು ಅದೇ ಬ್ಯಾಂಡೋ ಅಲ್ಲವೋ ಎಂದು ಎರಡೂ ಕಡೆ ತಿರುಗಿಸಿ ನೋಡಿದ.

"ಮುದುಕರಾಗ್ಬಿಟ್ರು ಕಣೋ ಇವರು. ಎಣಿಸೋಕೆ ಕೈಲಾಗ್ತಾ ಇಲ್ಲ," ಅಂದ.

ಅಷ್ಟಕ್ಕೇ ಬಿಟ್ಟನೇ? ಪೋಸ್ಟಾಫೀಸಿನಿಂದ ವಿದೇಶಕ್ಕೆ ಹೋಗುವ, ಇನ್‌ಲ್ಯಾಂಡ್ ಲೆಟರಿನಂಥ ಕಾಗದ ತಂದು ಆ ಬ್ಯಾಂಡಿಗೆ ಪತ್ರ ಬರೆಯಲು ಕೂತ. ಮತ್ತೆ ಏಳರ ಎಣಿಕೆಗೆ ಬನ್ನಿ, ನಾವಿಲ್ಲಿ ನಿಮ್ಮನ್ನೇ ನಂಬಿದ್ದೇವೆ ಎಂದು. ಇಂಗ್ಲಿಷ್ ತಿದ್ದುವ ಕೆಲಸ ನನಗೆ. ಮೂರು ತಿಂಗಳು ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತಿದ್ದ. ಉತ್ತರ ಬರಲಿಲ್ಲ. ಬರುತ್ತದೆಂದು ನಂಬಿದ್ದವನು ರಾಜಾಜಿನಗರದಲ್ಲಿ ಅವನೊಬ್ಬನೇ.

ಆ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಬ್ಲಾಕಿನ ಯುವಕರ ಸಂಘದವರು ಮೈದಾನದಲ್ಲಿ ನುಡಿಸಲು ಕರೆದರು. ಮೊದಲ ಸಲ ನಮ್ಮವರ ಮುಂದೆ, ನಿಜವಾದ ವೇದಿಕೆ. ಕನ್ನಡದಲ್ಲಿ ಹಾಡಬೇಕು, ಚಿಕ್ಕ ಹಾಡಾಗಿರಬೇಕು, ಜನ ಚಪ್ಪಾಳೆ ತಟ್ಟುವ ಹಾಗಿರಬೇಕು ಎಂದರು. ಹಾಡುವವನು ಐದು ಹಾಡು ಕಟ್ಟಿಯೇಬಿಟ್ಟ. ಎಲ್ಲವೂ ನಾಲ್ಕರ ಎಣಿಕೆ. ಚೆನ್ನಾಗಿಯೇ ಇದ್ದವು. ನಾಲ್ಕು ವರ್ಷ ಗೋಡೆಯ ಟ್ರೇಗಳಿಗೆ ನುಡಿಸಿ ಸಾಕಾಗಿದ್ದ ನನಗಂತೂ ಈ ವೇದಿಕೆ ಬೇಕೇ ಬೇಕಿತ್ತು.

ಡ್ರಮ್ಮರ್ ಒಪ್ಪಿಕೊಂಡ. ಒಪ್ಪಿಕೊಂಡ ಎಂಬುದೇ ತಲೆನೋವು. ಒಲ್ಲೆ ಎಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಎಂಟು ಸುತ್ತು ನೇರವಾಗಿ, ಅಚ್ಚುಕಟ್ಟಾಗಿ ಬಾರಿಸುತ್ತಿದ್ದ. ಒಂಬತ್ತನೆಯ ಸುತ್ತಿಗೆ ಒಂದು ಪೆಟ್ಟು ಹೆಚ್ಚು. ಒಂದೇ ಒಂದು. ನಾವು ಮೂವರೂ ಮುಗ್ಗರಿಸಿ ನಿಲ್ಲುತ್ತಿದ್ದೆವು. ಮತ್ತೆ ಮೊದಲಿನಿಂದ. ಕೈಮುಗಿದೆ, ಬೈದೆ, ಒಂದು ದಿನ ಅವನ ಕೋಲು ಕಿತ್ತು ಬಿಸಾಕಿದೆ. "ಬೇಕೂಂತ ಮಾಡ್ತಿಲ್ಲ ಗುರು, ಕೈಗೆ ಬೇಜಾರಾಗುತ್ತೆ" ಎನ್ನುತ್ತಿದ್ದ. ಕೈಗೆ ಬೇಜಾರಂತೆ! ನಮ್ಮ ಬೇಜಾರನ್ನು ಕೇಳುವವರು ಯಾರು?

ಕಾರ್ಯಕ್ರಮಕ್ಕೆ ಎರಡು ವಾರವಿದ್ದಾಗ ಸಂಘದ ಕಾರ್ಯದರ್ಶಿ ನಮ್ಮ ಹಾಡು ಕೇಳಲು ಬಂದರು. ಜೊತೆಗೆ ಬಂದಿದ್ದ ಬೀದಿಯ ಮಕ್ಕಳೆಲ್ಲ ಉತ್ಸಾಹದಿಂದ ತಾಳ ಹಾಕತೊಡಗಿದರು. ಒಂಬತ್ತನೆಯ ಸುತ್ತು ಬಂತು. ಚಪ್ಪಾಳೆ ಚೆಲ್ಲಾಪಿಲ್ಲಿಯಾಯಿತು. ಕಾರ್ಯದರ್ಶಿ ಎದ್ದು ನಿಂತರು.

"ಏನ್ರೀ ಇದು, ಚಪ್ಪಾಳೆ ತಟ್ಟೋಕೂ ಬಿಡಲ್ವಲ್ರೀ ನೀವು. ಸರಿ ಮಾಡ್ಕೊಂಡ್ರೆ ಬನ್ನಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀವಿ."

ಹಾಡುವವನ ಭಾವ ದುಬೈಯಿಂದ ತಂದಿದ್ದ ಪುಟ್ಟ ಕೀಬೋರ್ಡೊಂದಿತ್ತು. ಅದರಲ್ಲಿ ಒಂದು ಗುಂಡಿ ಒತ್ತಿದರೆ ತಾಳ ತನ್ನಷ್ಟಕ್ಕೆ ಬರುತ್ತಿತ್ತು. ನಾಲ್ಕೆಂದರೆ ನಾಲ್ಕೇ. ಅದನ್ನೇ ಬಳಸುವುದೆಂದು ನಾವು ಮೂವರು ನಿರ್ಧರಿಸಿದೆವು. ಅವನಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು. ಅವನನ್ನು ತೆಗೆಯುವ ಮಾತನ್ನು ಅವನ ಮನೆಯಲ್ಲೇ ಹೇಳಬೇಕು. ಹೋದೆ. ಅವರಮ್ಮ ಉಪ್ಪಿಟ್ಟು ಕೊಟ್ಟರು, ತಿಂದೆ. ಇನ್ನೊಂದು ಸೌಟು ಹಾಕಿದರು, ಅದನ್ನೂ ತಿಂದೆ. ಕೊನೆಗೆ ಮೆಟ್ಟಿಲ ಮೇಲೆ ನಿಂತು, ಈ ಸಲಕ್ಕೆ ಮಾತ್ರ ಮೆಷೀನು, ಮುಂದಿನ ಸಲ ನೀನೇ ಎಂದು ಸುಳ್ಳು ಹೇಳಿದೆ. ಮುಂದಿನ ಸಲ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಾಗಿರಬೇಕು.

ಅವನು ಮಹಡಿಯ ಕೋಣೆಯ ಕಡೆ ನೋಡಿದ. "ಪ್ರಾಕ್ಟೀಸ್ ಇಲ್ಲೇ ಮಾಡ್ಕೊಳ್ರೋ. ಇಷ್ಟೊಂದು ಟ್ರೇ ಬೇರೆಲ್ಲಿ ಅಂಟಿಸ್ತೀರಾ," ಅಂದ.

ಕೊರಳಪಟ್ಟಿ ಹಿಡಿದು ಆಚೆ ನೂಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಎರಡು ವಾರ ಅವನ ಕೋಣೆಯಲ್ಲೇ ಮೆಷೀನಿನ ಜೊತೆ ನುಡಿಸಿದೆವು. ಅವನು ಮೂಲೆಯಲ್ಲಿ ತನ್ನ ಸ್ಟೂಲಿನ ಮೇಲೆ, ಕೈ ಎರಡನ್ನೂ ಮಂಡಿಯ ನಡುವೆ ಇಟ್ಟುಕೊಂಡು ಕೂತಿರುತ್ತಿದ್ದ. ಕೆಳಗಿನಿಂದ ಕಾಫಿಯನ್ನೂ ಅವನೇ ತರುತ್ತಿದ್ದ.

ಕಾರ್ಯಕ್ರಮ ಅದ್ಭುತವಾಗಿ ನಡೆಯಿತು. ಮೈದಾನದ ತುಂಬ ಜನ. ಹೆಂಗಸರು, ಮಕ್ಕಳು, ರಿಟೈರಾದವರು ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಜೀವನದಲ್ಲಿ ಅಷ್ಟು ಚಪ್ಪಾಳೆ ಅದೇ ಮೊದಲು, ಅದೇ ಕೊನೆ. ಮುಗಿದ ಮೇಲೆ ಇವನು ಎಲ್ಲಿಂದಲೋ ಬಂದು ಸ್ಪೀಕರ್ ಡಬ್ಬದ ಇನ್ನೊಂದು ತುದಿ ಹಿಡಿದ. ಮೆಟಡಾರ್ ವ್ಯಾನಿಗೆ ಏರಿಸಿ ಕೈ ಒರೆಸಿಕೊಳ್ಳುತ್ತ, "ಚೆನ್ನಾಗಿತ್ತು ಕಣೋ. ಒಂದ್ಸಲಾನೂ ತಪ್ಪಲಿಲ್ಲ ಅದು," ಅಂದ. ವ್ಯಂಗ್ಯವೇ ಎಂದು ಮುಖ ನೋಡಿದೆ. ಅಲ್ಲ.

ಬ್ಯಾಂಡು ಇನ್ನೆರಡು ವರ್ಷ ನಡೆದು ನಿಂತಿತು. ಹಾಡುವವನಿಗೆ ಮದುವೆಯಾಯಿತು, ಬೇಸಿನವನು ಭದ್ರಾವತಿಗೆ ಹೋದ, ನಾನು ಬ್ಯಾಂಕ್ ಪರೀಕ್ಷೆ ಕಟ್ಟಿದೆ. ಡ್ರಮ್ಮರ್ ಎಲ್ಲಾದರೂ ಎದುರಾದರೆ ನಾನೇ ರಸ್ತೆ ದಾಟಿಬಿಡುತ್ತಿದ್ದೆ. ಆಮೇಲೆ ಅವನು ಕೆಂಗೇರಿ ಕಡೆ ಮನೆ ಕಟ್ಟಿದನೆಂದು ಕೇಳಿದೆ... ಎರಡು ವರ್ಷದ ಹಿಂದೆ ತೀರಿಹೋದನೆಂದು ಬೇಸಿನವನು ಫೋನ್ ಮಾಡಿ ಹೇಳಿದ. ಆಗಲೂ ನಾನು ಹೋಗಲಿಲ್ಲ. ಮಂಡಿನೋವಿನ ನೆಪ ಹೇಳಿದೆ.

ಹೋದ ಭಾನುವಾರ ಕೊನೆಗೂ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಅವನ ಹೆಂಡತಿ ನನ್ನನ್ನು ಹಿಂದೆ ನೋಡಿದವರಲ್ಲ. ಆದರೂ ಬ್ಯಾಂಡಿನವನು ಎಂದ ಕೂಡಲೇ ಗುರುತು ಹಿಡಿದರು. ಮನೆಯಲ್ಲಿ ದಿನಾ ನಮ್ಮದೇ ಮಾತಂತೆ. "ಅವರಿಗೆ ಶಿಫ್ಟ್ ಬದಲಾಗಿದ್ದಕ್ಕೆ ಬ್ಯಾಂಡ್ ಬಿಡಬೇಕಾಯ್ತಂತೆ ಅಲ್ವಾ? ಪಾಪ, ನಿಮ್ಮನ್ನೆಲ್ಲ ನಡುನೀರಲ್ಲಿ ಕೈ ಬಿಟ್ಟೆ ಅಂತ ಕೊನೇವರ್ಗೂ ಕೊರಗ್ತಾ ಇದ್ರು," ಅಂದರು. ತನ್ನ ಅಮ್ಮನಿಗೂ ಹಾಗೆಯೇ ಹೇಳಿದ್ದನಂತೆ.

ನನಗೆ ಅಲ್ಲೇ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಈ ಮನುಷ್ಯ ಒಂದು ಸಲವಾದರೂ ನಮ್ಮನ್ನು ಬೈಯಬಾರದಿತ್ತೇ? ಹೆಂಡತಿಯ ಮುಂದಾದರೂ? ನಾವೇ ಅವನನ್ನು ತೆಗೆದೆವಮ್ಮ ಎಂದು ಹೇಳಲು ಬಾಯಿ ತೆರೆದೆ.

"ಮತ್ತೆ ಅವರ ಜಾಗಕ್ಕೆ ಯಾರನ್ನ ಹಾಕ್ಕೊಂಡ್ರಿ ಸಾರ್?" ಎಂದು ಅಷ್ಟರಲ್ಲಿ ಆಕೆ ಕೇಳಿದರು.

"ಯಾರನ್ನೂ ಹಾಕ್ಕೊಳ್ಳಲಿಲ್ಲಮ್ಮ," ಅಂದೆ.

ಆಕೆಯ ಮುಖ ಅರಳಿತು. ಒಳಗಿದ್ದ ಮಗಳನ್ನು ಕೂಗಿ ಕರೆದರು. "ಕೇಳಿದ್ಯೇನೇ, ನಿಮ್ಮಪ್ಪನ ಜಾಗಕ್ಕೆ ಇವರು ಯಾರನ್ನೂ ಹಾಕ್ಕೊಳ್ಳಲೇ ಇಲ್ವಂತೆ ಕಣೇ!"

ಮಗಳು ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಮಾಡಿಸಿಕೊಂಡೆ.