ಪುಟ್ಟಜ್ಜಿ ಕಳಿಸುತ್ತಿದ್ದ ಫೋಟೋಗಳು

ಹಗಲು ಹೊತ್ತು ನನ್ನ ಮಗಳನ್ನು ನೋಡಿಕೊಳ್ಳುವ ಹೆಂಗಸಿಗೆ ಡೇಕೇರಿನ ಮಕ್ಕಳೆಲ್ಲ ಸೇರಿ ಇಟ್ಟ ಹೆಸರು ಪುಟ್ಟಜ್ಜಿ. ಆಳು ಕುಳ್ಳಗಿದ್ದಾರೆ, ಅಷ್ಟೇ ಕಾರಣ. ವಯಸ್ಸು ಐವತ್ತಾರು. "ಅಜ್ಜಿ ಅನ್ನೋಕೆ ಇನ್ನೂ ಟೈಮಿದೆ, ಪುಟ್ಟ ಅನ್ನೋಕೆ ಟೈಮು ಮೀರಿಹೋಗಿದೆ. ಎರಡನ್ನೂ ಸೇರಿಸಿ ಸರಿ ಮಾಡ್ಕೊಂಡಿವೆ ತುಂಟಮುಂಡೇವು" ಎಂದು ನಗುತ್ತಾರೆ.

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಂದು ಗ್ರಿಲ್ ಹಾಕಿದ ವರಾಂಡ. ಗೋಡೆಗೆ ಸಾಲಾಗಿ ಹದಿಮೂರು ಕೊಕ್ಕೆ, ಹದಿಮೂರು ಚೀಲ. ಎರಡೂವರೆ ವರ್ಷದ ನನ್ನ ಮಗಳ ಚೀಲ ಬಾಗಿಲಿನಿಂದ ನಾಲ್ಕನೆಯದು. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರೆ ಸಂಜೆ ಆರಕ್ಕೆ ಕರೆದುಕೊಂಡು ಬರುತ್ತೇನೆ. ನಡುವೆ ದಿನಕ್ಕೆ ಎರಡು ಸಲ, ಹನ್ನೊಂದಕ್ಕೆ ಮತ್ತು ಒಂದಕ್ಕೆ, ಪುಟ್ಟಜ್ಜಿ ಆಯಾ ಮಗುವಿನ ಫೋಟೋ ತೆಗೆದು ಆಯಾ ತಾಯಿಗೆ ಕಳಿಸುತ್ತಿದ್ದರು. ಬರೀ ಫೋಟೋ. ಕೆಳಗೆ ಒಂದಕ್ಷರ ಇಲ್ಲ.

ಒಂದು ದಿನ ಬಂದದ್ದು ಮಗಳ ಕತ್ತಿನ ಹಿಂಭಾಗ ಮಾತ್ರ. ಸಂಜೆ ಕೇಳಿದೆ, "ಇದೇನು ಪುಟ್ಟಜ್ಜಿ, ಮುಖ ಎಲ್ಲಿ?"

"ಮುಖ ನೀವು ದಿನಾ ನೋಡ್ತೀರಲ್ಲಮ್ಮ. ಕತ್ತಲ್ಲಿ ಬೆವರುಗುಳ್ಳೆ ಎದ್ದಿದೆ, ಕಾಣಲಿಲ್ವಾ?"

ದೊಡ್ಡದು ಮಾಡಿ ನೋಡಿದರೆ ನಿಜ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿಗಳು.

"ಅದನ್ನೇ ಎರಡು ಮಾತು ಬರೆದು ಕಳಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಬರೆದ್ರೆ ಓದ್ತೀರಿ. ಬರೀದಿದ್ರೆ ನೋಡ್ತೀರಿ" ಎಂದು ಚೀಲ ಕೈಗಿಟ್ಟರು.

ನನಗೆ ಸಿಟ್ಟು ಬಂತು. ನಾನು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನ್ ತೆಗೆದುಕೊಳ್ಳುವವಳು. ಯಾರು ಎಷ್ಟೇ ಕೂಗಾಡಲಿ, ಅವರ ಕಷ್ಟವನ್ನು ಒಂದು ಸಾಲಿಗೆ ಇಳಿಸುವುದೇ ನನ್ನ ಕೆಲಸ. ಜಗತ್ತಿನಲ್ಲಿ ಒಂದು ಸಾಲಿಗೆ ಇಳಿಯದ್ದು ಯಾವುದೂ ಇಲ್ಲ ಎಂದುಕೊಂಡಿದ್ದೆ.

ಪುಟ್ಟಜ್ಜಿಯ ಹಟಕ್ಕೆ ಅವರದೇ ಕಾರಣವಿತ್ತು. ಇಲ್ಲಿಗೆ ಬರುವ ಮುಂಚೆ ಇಪ್ಪತ್ತೆರಡು ವರ್ಷ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಟೇಬಲ್ಲಿಗೆ ನಿಂತಿದ್ದರಂತೆ. ಹೊಲಿದು ಬಂದ ಶರ್ಟನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಾಲರು, ಕಂಕುಳು, ತೋಳಿನ ಅಂಚು ನೋಡಿ ಮುಂದೆ ತಳ್ಳಬೇಕು. ಕಣ್ಣು ಮಂಜಾದ ಮೇಲೆ ಮನೆಗೆ ಕಳಿಸಿದರು. "ಶರ್ಟಿಗೆ 'ಪಾಸ್' ಅಂತ ಚೀಟಿ ಅಂಟಿಸಿಬಿಟ್ರೆ ಮುಗೀತಮ್ಮ, ಆಮೇಲೆ ಒಬ್ರೂ ಅದನ್ನ ಬಿಚ್ಚಿ ನೋಡಲ್ಲ. ಎದೆ ಮೇಲೆ ಅಂಗೈ ಅಗಲ ತೂತಿದ್ರೂ ಪೆಟ್ಟಿಗೆಗೆ ಹೋಗುತ್ತೆ."

ಇನ್ನೊಂದು ಮಾತನ್ನು ಒಂದೇ ಒಂದು ಸಲ, ಬಾಟಲಿ ತೊಳೆಯುತ್ತಾ ಹೇಳಿದ್ದರು. ಅವರಿಗೂ ಒಬ್ಬಳು ಮಗಳು. ಫ್ಯಾಕ್ಟರಿಗೆ ಹೊರಡುವಾಗ ಮಲಗಿರುತ್ತಿದ್ದಳು, ಬರುವಷ್ಟರಲ್ಲಿ ಮತ್ತೆ ಮಲಗಿರುತ್ತಿದ್ದಳು. ಬೆಳೆದದ್ದು ಪಕ್ಕದ ಮನೆಯವರ ಕೈಯಲ್ಲಿ. "ಒಂದು ವರ್ಷದಿಂದ ಐದು ವರ್ಷದವರೆಗೆ ಅವಳದ್ದು ಒಂದು ಫೋಟೋ ಇಲ್ಲ ನನ್ನ ಹತ್ರ. ಹೇಗೆ ನಡೀತಿದ್ಲೋ, ಹೇಗೆ ಉಣ್ತಿದ್ಲೋ. ಈಗ ಕೇಳಿದ್ರೆ ಅವಳಿಗೂ ನೆನಪಿಲ್ಲ."

ಇಷ್ಟೆಲ್ಲ ಗೊತ್ತಿದ್ದೂ ಡೇಕೇರ್ ನಡೆಸುವ ಮೇಡಂಗೆ ಅರ್ಜಿ ಬರೆದವಳು ನಾನೇ. ಬೇರೆ ತಾಯಂದಿರಿಗೂ ಅದೇ ಕಿರಿಕಿರಿಯಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವವಳೊಬ್ಬಳಂತೂ, "ನನ್ನ ಮಗ ಬಾಯಿ ತೆಗೆದಿರೋ ಫೋಟೋ ಬರುತ್ತೆ ಕಣೇ, ಅಳ್ತಿದಾನೋ ಆಕಳಿಸ್ತಿದಾನೋ ಗೊತ್ತಾಗದೆ ಮಧ್ಯಾಹ್ನದವರೆಗೆ ಒದ್ದಾಡ್ತೀನಿ" ಎಂದಿದ್ದಳು. 'ಪ್ರತಿ ಫೋಟೋದೊಂದಿಗೆ ಒಂದು ಸಾಲಿನ ವಿವರಣೆ ಇರತಕ್ಕದ್ದು' ಎಂದು ಬರೆದೆ. ಹನ್ನೊಂದು ಜನ ಸಹಿ ಹಾಕಿದರು.

ಮೇಡಂ ಚುರುಕಿನವರು. ಪುಟ್ಟಜ್ಜಿಯ ಫೋನಿನಲ್ಲಿ ಏಳು ಸಾಲುಗಳನ್ನು ತಯಾರು ಮಾಡಿ ಹಾಕಿಕೊಟ್ಟರು. ಮಗು ಆಟವಾಡುತ್ತಿದೆ. ಊಟ ಆಯಿತು. ನಿದ್ದೆ ಮಾಡುತ್ತಿದೆ. ಹೀಗೆ. ಅವುಗಳಲ್ಲಿ ಒಂದನ್ನು ಒತ್ತಿದರಾಯಿತು. ಸ್ವಂತದ್ದು ಏನೂ ಬರೆಯಬಾರದು, ಪೋಷಕರು ಗಾಬರಿ ಬೀಳುತ್ತಾರೆ. ಮಗುವಿಗೆ ಹುಷಾರಿಲ್ಲದಿದ್ದರೆ ಮೊದಲು ಮೇಡಂಗೇ ಹೇಳಬೇಕು. ಈ ಕಟ್ಟಳೆ ನಮಗೆ ಆಗ ಗೊತ್ತಿರಲಿಲ್ಲ.

ಸುಳ್ಳು ಹೇಳಬಾರದು, ಆಮೇಲಿನ ಐದು ವಾರ ನನಗೆ ಹಾಯೆನಿಸಿತ್ತು. ಫೋನ್ ಮಿಣುಕುತ್ತಿತ್ತು, ಸಾಲು ಓದುತ್ತಿದ್ದೆ, ಡ್ರಾಯರಿಗೆ ಹಾಕುತ್ತಿದ್ದೆ. ಸಾಲು ಓದುವುದಕ್ಕೆ ಫೋಟೋ ತೆರೆಯಲೇಬೇಕೆಂದೇನೂ ಇರಲಿಲ್ಲ.

ಆ ಬುಧವಾರ ಗಾಳಿಗೆ ಎಲ್ಲೋ ಕಂಬ ಬಿದ್ದು ಅರ್ಧ ಪಟ್ಟಣಕ್ಕೆ ಕರೆಂಟಿರಲಿಲ್ಲ. ಕಿವಿಯಿಂದ ಹೆಡ್‌ಫೋನ್ ತೆಗೆಯಲು ಪುರಸೊತ್ತಿಲ್ಲ. ಮೂರು ಸಲ ಫೋನ್ ಮಿಣುಕಿತು. ಆಟವಾಡುತ್ತಿದೆ. ಊಟ ಆಯಿತು. ನಿದ್ದೆ ಮಾಡುತ್ತಿದೆ. ಸದ್ಯ, ಅಲ್ಲಾದರೂ ಎಲ್ಲ ಸರಿಯಿದೆಯಲ್ಲ ಎಂದುಕೊಂಡೆ.

ಸಂಜೆ ಹೋದರೆ ಮಗಳ ಮೈ ಕೆಂಡ. ಎಡಗಿವಿಯಿಂದ ಹಳದಿ ನೀರು ಇಳಿದು ಅಂಗಿಯ ಭುಜದ ಮೇಲೆ ಒಣಗಿತ್ತು. ಪುಟ್ಟಜ್ಜಿ ಏನೋ ಹೇಳಲು ಬಾಯಿ ತೆರೆದರು. ನಾನು ಕೇಳಿಸಿಕೊಳ್ಳದೆ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದೆ. ಕಿವಿಯ ತಮಟೆ ಒಡೆದಿದೆ ಎಂದರು ಡಾಕ್ಟರು. "ಬೆಳಿಗ್ಗೆಯಿಂದ ನೋವಿದ್ದಿರಬೇಕು. ಯಾರೂ ಗಮನಿಸಲಿಲ್ವಾ?"

ಅದೇ ಮಾತನ್ನು ನನ್ನ ಗಂಡ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಬರೆದ. ಬೆಂಕಿ ಹತ್ತಿಕೊಂಡಿತು. ಶನಿವಾರ ಸಭೆ, ಪುಟ್ಟಜ್ಜಿಯನ್ನು ಕೆಲಸದಿಂದ ತೆಗೆಯುವುದು ಒಂದೇ ವಿಷಯ.

ಶುಕ್ರವಾರ ಬೆಳಿಗ್ಗೆ ರಜೆ ಹಾಕಿ ಮನೆಯಲ್ಲಿದ್ದೆ. ಯಾವ ಔಷಧಿ, ಎಷ್ಟು ಹನಿ, ನೋವು ಯಾವಾಗ ಶುರುವಾಯಿತು ಎಂದು ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ಬುಧವಾರದ ಹೊತ್ತು ನೋಡಲೆಂದು ಆ ಮೂರು ಫೋಟೋಗಳನ್ನು ತೆರೆದೆ.

ಮೊದಲನೆಯದರಲ್ಲಿ ಉಳಿದ ಮಕ್ಕಳು ಗೋಪುರ ಕಟ್ಟುತ್ತಿದ್ದಾರೆ, ನನ್ನ ಮಗಳು ಸುಮ್ಮನೆ ಕೂತಿದ್ದಾಳೆ, ಎಡಗೈ ಎಡಗಿವಿಯ ಮೇಲೆ. ಫೋಟೋ ತೆಗೆದಿರುವುದೂ ಎಡಗಡೆಯಿಂದಲೇ. ಎರಡನೆಯದರಲ್ಲಿ ಮುಟ್ಟದ ತಟ್ಟೆ, ಕೈ ಮತ್ತೆ ಅಲ್ಲೇ. ಕೆಳಗೆ 'ಊಟ ಆಯಿತು'. ಮೂರನೆಯದರಲ್ಲಿ ಅವಳು ಮಲಗಿದ್ದಾಳೆ, ಹುಬ್ಬು ಗಂಟಾಗಿದೆ, ಎಡಗಿವಿಯ ಪಕ್ಕ ಪುಟ್ಟಜ್ಜಿಯ ಅಂಗೈ ಇದೆ, ಬೆರಳ ತುದಿಗಳಲ್ಲಿ ಫ್ಯಾಕ್ಟರಿಯ ಗುಂಡುಸೂಜಿ ಚುಚ್ಚಿದ ಹಳೆಯ ಕಲೆಗಳು. ಮೂರು ಫೋಟೋಗಳಲ್ಲೂ ಕಿವಿ ನಟ್ಟನಡುವೆ. ದಿನಕ್ಕೆ ಎರಡೇ ಬರಬೇಕಾದದ್ದು ಅಂದು ಮೂರು ಬಂದಿದ್ದವು.

ಮೇಡಂಗೆ ಫೋನ್ ಮಾಡಿ ಕೇಳಿದಾಗಲೇ, ಸ್ವಂತದ್ದು ಬರೆಯಬಾರದೆಂಬ ಆ ಕಟ್ಟಳೆ ನನಗೆ ಗೊತ್ತಾದದ್ದು. ಬರೆಯಲು ಬಿಡದ ಮೇಲೆ ಆಕೆ ಇನ್ನು ಹೇಗೆ ಕೂಗಬೇಕಿತ್ತು?

ಗಂಡನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದ. "ನಾಳೆ ಇದನ್ನ ತೋರಿಸಿದ್ರೆ, ನೀನೇ ನೋಡಲಿಲ್ಲ ಅಂತ ಆಗುತ್ತೆ."

"ಆಗಲಿ. ಆಗಿರೋದು ಅದೇ ತಾನೆ?"

ಡೇಕೇರಿನಲ್ಲಿ ದೊಡ್ಡವರ ಕುರ್ಚಿಗಳಿಲ್ಲ. ಶನಿವಾರ ಎಲ್ಲರೂ ಮಕ್ಕಳ ಕುರ್ಚಿಗಳ ಮೇಲೆ, ಮಂಡಿ ಗದ್ದಕ್ಕೆ ತಾಗುವಂತೆ ಮುದುರಿ ಕೂತಿದ್ದೆವು. ಪುಟ್ಟಜ್ಜಿ ಕೊಕ್ಕೆಗಳ ಪಕ್ಕ ನಿಂತಿದ್ದರು. ತಮ್ಮ ಊಟದ ಡಬ್ಬಿ, ಮನೆಯ ಚಪ್ಪಲಿ, ಕನ್ನಡಕದ ಗೂಡು, ಎಲ್ಲವನ್ನೂ ಆಗಲೇ ಒಂದು ಕೈಚೀಲಕ್ಕೆ ತುಂಬಿಕೊಂಡಿದ್ದರು.

"ಕಣ್ಣು ಕಾಣದವರನ್ನ ಮಕ್ಕಳ ಮಧ್ಯ ಇಟ್ಕೊಂಡ್ರೆ ಇನ್ನೇನಾಗುತ್ತೆ?" ಎಂದು ಶುರು ಮಾಡಿದರು ಇಲ್ಲಿಗೆ ಬರುವ ಅವಳಿ ಮಕ್ಕಳ ಅಪ್ಪ.

ನಾನು ಎದ್ದೆ. ಫೋನ್ ತೆಗೆದು, ಕೆಳಗಿನ ಸಾಲಿನ ಮೇಲೆ ಹೆಬ್ಬೆರಳಿಟ್ಟು, ಮೂರು ಫೋಟೋಗಳನ್ನು ಒಬ್ಬೊಬ್ಬರಿಗೂ ತೋರಿಸುತ್ತಾ ಹೋದೆ.

ಬ್ಯಾಂಕಿನವಳು ಎರಡನೆಯದಕ್ಕೇ "ಅಯ್ಯೋ, ಕಿವಿ!" ಎಂದಳು.

ಹೆಬ್ಬೆರಳು ತೆಗೆದೆ. "ಬುಧವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಇವು ಮೂರೂ ನನ್ನ ಫೋನಲ್ಲಿದ್ವು. ನಾನು ಸಾಲು ಓದಿದೆ, ಫೋಟೋ ನೋಡಲಿಲ್ಲ. ಸಾಲು ಬೇಕು ಅಂತ ಅರ್ಜಿ ಬರೆದವಳೂ ನಾನೇ."

ಮೇಡಂ ನೆಲ ನೋಡುತ್ತಾ ಹೇಳಿದರು, "ಅವರು ನನಗೂ ಫೋನ್ ಮಾಡಿದ್ರು. ಜ್ವರ ಇದೆಯಾ ಅಂದೆ, ಇಲ್ಲ ಅಂದ್ರು. ಹಾಗಿದ್ರೆ ಸಂಜೆ ನೋಡೋಣ ಅಂದೆ."

"ಹಾಗಾದ್ರೆ ಫೋಟೋ ಕೆಳಗೆ ಬರೀಲೇಬಾರದು ಅಂತೀರಾ?" ಅವಳಿಗಳ ಅಪ್ಪ ನನ್ನನ್ನು ಕೇಳಿದರು. ಉತ್ತರ ಕೊಟ್ಟವರು ಪುಟ್ಟಜ್ಜಿ.

"ಹಾಗಲ್ಲ ಅಪ್ಪ. ನಂದೂ ತಪ್ಪಿದೆ. ಬರೆಯೋದೇ ಇಲ್ಲ ಅಂತ ನಾನು ಜಂಬ ಹೊಡೀತಿದ್ದೆ, ನೋಡೋರು ನೋಡ್ಕೊಳ್ಲಿ ಅಂತ. ಫ್ಯಾಕ್ಟರಿಯಲ್ಲಿ ಪಾಸ್ ಚೀಟಿ ಒಂದೇ ಅಲ್ಲ, ಕೆಂಪು ಬಾಣದ ಚೀಟಿನೂ ಇರ್ತಿತ್ತು. ಹೊಲಿಗೆ ಬಿಟ್ಟಿರೋ ಜಾಗಕ್ಕೆ ಅಂಟಿಸ್ತಿದ್ವಿ, ನೋಡೋನ ಕಣ್ಣು ಸೀದಾ ಅಲ್ಲಿಗೇ ಹೋಗ್ಲಿ ಅಂತ. ಆವತ್ತು 'ಕಿವಿ' ಅಂತ ಎರಡಕ್ಷರ ಸಾಕಿತ್ತು. ಮೇಡಂ ಬೈದ್ರೆ ಬೈಸ್ಕೋಬೇಕಿತ್ತು. ಕೆಲಸ ಹೋಗುತ್ತೆ ಅಂತ ಹೆದರ್ದೆ." ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಮಗುವಿನ ಕಿವಿ ಹೋಗಿ ನನ್ನ ಕೆಲಸ ಉಳಿದ್ರೆ ಏನು ಬಂತು."

ಮೇಡಂ ಪುಟ್ಟಜ್ಜಿಯ ಫೋನ್ ಇಸಿದುಕೊಂಡು, ನಮ್ಮೆದುರಿಗೇ ಆ ಏಳು ಸಾಲುಗಳನ್ನು ಒಂದೊಂದಾಗಿ ಅಳಿಸಿದರು. "ಸೋಮವಾರ ಮಾಮೂಲಿ ಹೊತ್ತಿಗೆ ಬನ್ನಿ. ಏನು ಬರೀಬೇಕೋ ಬರೀರಿ, ಯಾರಿಗೆ ಫೋನ್ ಮಾಡಬೇಕೋ ಮಾಡಿ" ಎಂದರು. ಅವಳಿಗಳ ಅಪ್ಪ "ಸರಿ ಬಿಡಿ" ಎಂದು ಏಳಲು ಹೋದರೆ ಕುರ್ಚಿಯೂ ಅವರ ಜತೆಗೇ ಎದ್ದಿತು. ನಗು ಬಂದರೂ ಯಾರೂ ನಗಲಿಲ್ಲ.

ಹತ್ತು ದಿನ ಮನೆಯಲ್ಲಿದ್ದು ಮಗಳು ಮತ್ತೆ ಹೋಗತೊಡಗಿದಳು. ಗಾಯ ಮಾಯುತ್ತಿದೆ, ಕೇಳಿಸುವುದು ಎಷ್ಟರಮಟ್ಟಿಗೆ ಎಂದು ಮುಂದಿನ ತಿಂಗಳು ನೋಡೋಣ ಎಂದಿದ್ದರು ಡಾಕ್ಟರು. ಪುಟ್ಟಜ್ಜಿಯ ಫೋಟೋಗಳು ಬರುತ್ತಿದ್ದವು. ಹೆಚ್ಚಿನವು ಬರಿಯವು. ನಾನು ಒಂದೊಂದನ್ನೂ ತೆರೆದು, ಮೂಲೆಮೂಲೆ ನೋಡಿ, ಆಮೇಲೆ ಮುಂದಿನ ಕರೆ ತೆಗೆದುಕೊಳ್ಳುತ್ತಿದ್ದೆ.

ನಿನ್ನೆ ಹನ್ನೊಂದಕ್ಕೆ ಬಂದದ್ದು ಹಿಂದಿನಿಂದ ತೆಗೆದ ಫೋಟೋ. ಮಗಳು ಚಾಪೆಯ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಾಳೆ. ತೊಡೆಯ ಮೇಲೆ ಗೊಂಬೆ. ಭುಜ ಸಡಿಲವಾಗಿದೆ, ಕೈ ಕಿವಿಯ ಹತ್ತಿರ ಇಲ್ಲ. ಎಷ್ಟು ನೋಡಿದರೂ ಏನೂ ಸಿಗಲಿಲ್ಲ. ಕೆಳಗೆ, ಪುಟ್ಟಜ್ಜಿಯೇ ಒಂದೊಂದೇ ಅಕ್ಷರ ಹುಡುಕಿ ಒತ್ತಿದ ಸಾಲುಗಳಿದ್ದವು:

'ಎಡಗಡೆಯಿಂದ ಮೂರು ಸಲ ಕರೆದೆ ತಿರುಗಲಿಲ್ಲ. ಬಲಗಡೆಯಿಂದ ಕರೆದರೆ ತಿರುಗಿದಳು. ತಿಂಗಳು ಕಾಯಬೇಡಿ ಅಮ್ಮ.'

ಹೆಡ್‌ಫೋನ್ ತೆಗೆದು ಪಕ್ಕದವಳ ಮೇಜಿನ ಮೇಲಿಟ್ಟೆ. ಡಾಕ್ಟರಿಗೆ ಫೋನ್ ಹಚ್ಚುತ್ತಲೇ ಮೆಟ್ಟಿಲಿಳಿದೆ.