ಮೂರು ಅರ್ಟಿನ ಕಂಪ್ಯೂಟರ್

ಮಾತಿನಲ್ಲಿ ಮುಗಿಯಬೇಕಾದದ್ದೆಲ್ಲ ಕೈಯಲ್ಲೇ ಮುಗಿಯುತ್ತಿದ್ದ ಕಾಲ ಅದು. ಮೇಷ್ಟ್ರು ಹೊಡೆಯುತ್ತಿದ್ದರು, ಅಪ್ಪ ಹೊಡೆಯುತ್ತಿದ್ದ, ಅಮ್ಮನ ಕೈಯಲ್ಲಿ ಸೌಟಿದ್ದರೆ ಸೌಟಿನಲ್ಲೇ ಬಾರಿಸುತ್ತಿದ್ದಳು. ಕಂಪಲಾಪುರದ ಹತ್ತಿರದ ನಮ್ಮೂರಿನಲ್ಲಿ ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ನಾನೂ ದೊಡ್ಡಪ್ಪನ ಮಗಳು ಸವಿತನೂ ದಿನಕ್ಕೊಂದು ಸಲವಾದರೂ ಜುಟ್ಟು ಹಿಡಿದು ಅಂಗಳದ ಮಣ್ಣಿನಲ್ಲಿ ಉರುಳುತ್ತಿದ್ದೆವು. ಅವಳು ನನಗಿಂತ ಒಂದು ವರ್ಷ ದೊಡ್ಡವಳು, ಕಚ್ಚುವುದರಲ್ಲಿ ಎತ್ತಿದ ಕೈ. ನಾನು ಗುದ್ದುವವಳು. ಸಂಜೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಹುರುಳಿ ಸಾರಿನಲ್ಲಿ ಅದ್ದಿ ನುಂಗುವಾಗ ನನ್ನ ತೋಳಿನ ಮೇಲೆ ಅವಳ ಹಲ್ಲಿನ ಗುರುತು ಇನ್ನೂ ಕೆಂಪಗೇ ಇರುತ್ತಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಹೊಗೆಸೊಪ್ಪು ಬೇಯಿಸುವ ಸೀಸನ್ನು. ನಮ್ಮೆರಡು ಮನೆಗಳ ನಡುವೆ ಒಂದೇ ಅಂಗಳ, ಒಲೆಯ ಬಿಸಿಯಲ್ಲಿ ಸೊಪ್ಪು ಒಣಗಿಸುವುದಕ್ಕೆ ಒಂದೇ ಬ್ಯಾರನ್ನು. ಆ ಎತ್ತರದ ಗೋಡೆಗಳಿಂದ ಸಿಹಿಯೋ ಕಹಿಯೋ ಹೇಳಲಾಗದ ಬಿಸಿ ವಾಸನೆ ಹೊರಬಂದು ನಮ್ಮ ಬಟ್ಟೆ, ತಲೆಗೂದಲು, ಹಾಸಿಗೆ ಎಲ್ಲಕ್ಕೂ ಹತ್ತುತ್ತಿತ್ತು. ಹೆಂಗಸರು ಅಂಗಳದಲ್ಲಿ ಕೂತು ಹಸಿ ಎಲೆಗಳನ್ನು ಹೆಬ್ಬೆರಳು ದಪ್ಪದ ಉದ್ದನೆಯ ಕಡ್ಡಿಗೆ ದಾರದಲ್ಲಿ ಕಟ್ಟುತ್ತಿದ್ದರು. ಎಲೆಯ ಅಂಟು ಅಂಗೈಗೆ ಹತ್ತಿದರೆ ಎಷ್ಟು ತೊಳೆದರೂ ಊಟದಲ್ಲಿ ಅದರ ಕಹಿ ಬರುತ್ತಿತ್ತು.

ಆ ಸೀಸನ್ನಿನಲ್ಲೇ ಅಪ್ಪ ಮೈಸೂರಿನಿಂದ ಯಾರೋ ಬಳಸಿ ಬಿಟ್ಟಿದ್ದ ಕಂಪ್ಯೂಟರ್ ತಂದ. ಡಬ್ಬದ ಮೇಲೆ 3.0 ಎಂದು ಚೀಟಿ ಅಂಟಿಸಿತ್ತು. ಹತ್ತು ದಿನಕ್ಕೆ ದೊಡ್ಡಪ್ಪನೂ ಒಂದು ತಂದ. ಅದರ ಮೇಲೆ 1.8. ಮುಂದೆ ಬರೆದಿದ್ದ ಗಿಗಾಹರ್ಟ್ಜ್ ಅನ್ನುವುದು, ಹಕಾರ ನಿಲ್ಲದ ನಮ್ಮ ಬಾಯಲ್ಲಿ ಗಿಗಾ ಅರ್ಟು ಆಯಿತು. ಅರ್ಟು ಅಂದರೆ ನಮಗೆ ಗೊತ್ತಿದ್ದದ್ದು ಎದೆಯೊಳಗೆ ಬಡಿದುಕೊಳ್ಳುವ ಹಾರ್ಟು ಮಾತ್ರ.

"ನಮ್ದಕ್ಕೆ ಮೂರು ಅರ್ಟು. ನಿಮ್ದಕ್ಕೆ ಎರಡೂ ಇಲ್ಲ," ಎಂದು ನಾನು ಊರೆಲ್ಲ ಸಾರಿಕೊಂಡು ಬಂದೆ.

ಎಲೆ ಕಟ್ಟುತ್ತಿದ್ದ ದೊಡ್ಡಮ್ಮ ನಕ್ಕಳು. "ಅಷ್ಟೊಂದು ಬಡ್ಕಂಡ್ರೆ ಅರ್ಟು ನಿಂತೋಯ್ತದೆ ಕಣಮ್ಮಿ, ಉಸಾರು."

ಸವಿತ ನಗಲಿಲ್ಲ. ಅವತ್ತೇ ನನ್ನ ಕೆನ್ನೆ ಪರಚಿದಳು. ನಾನು ಅವಳ ಮೂಗಿಗೆ ಗುದ್ದಿದೆ. ಮರುದಿನ ಸ್ಕೂಲಿನಲ್ಲಿ ಮತ್ತೆ ಹೊಡೆದಾಟ, ಇಬ್ಬರಿಗೂ ಮೇಷ್ಟ್ರ ಏಟು. ಕೊನೆಗೆ ಅವಳೇ ಪಂಥ ಕಟ್ಟಿದಳು. ನಮ್ಮ ಅತ್ತೆಯ ಮದುವೆಯ ವಿಡಿಯೋವನ್ನು ಮೊಬೈಲಿಗೆ ಹಿಡಿಸುವಷ್ಟು ಚಿಕ್ಕದು ಮಾಡಬೇಕು. ಎರಡು ಮನೆಯಲ್ಲೂ ಒಟ್ಟಿಗೇ ಶುರು, ಯಾರದು ಮೊದಲು ಮುಗಿಯುತ್ತದೋ ಅವರದೇ ಫಾಸ್ಟು.

ಭಾನುವಾರ ಬೆಳಿಗ್ಗೆ ಶುರುವಾಯಿತು. ನಮ್ಮ ಡಬ್ಬದೊಳಗಿನ ಫ್ಯಾನು ಜೆಟ್ ಮೋಟರಿನ ಹಾಗೆ ಅರಚುತ್ತಿತ್ತು. ಆ ಅರಚಾಟ ಕೇಳಿ ನನಗೆ ಗೆದ್ದೇಬಿಟ್ಟೆ ಅನ್ನಿಸಿತ್ತು. ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧಕ್ಕೂ ಬಂದಿರಲಿಲ್ಲ, ಅಷ್ಟರಲ್ಲಿ ಆಚೆ ಮನೆಯಿಂದ ಸವಿತನ ಕೂಗು ಕೇಳಿಸಿತು. ಅವರದು ಮುಗಿದಿತ್ತು.

ನಾನು ಅಂಗಳಕ್ಕೆ ಓಡಿದೆ. "ಮೋಸ ಮಾಡಿದೀಯ!"

"ಮೋಸ ಎಲ್ಲಿಂದ ಬಂತು ಲೇ? ಸ್ಕೂಲ್ನಾಗೆ ಕಂಪ್ಯೂಟರ್ ಸರ್‌ನ ಕೇಳ್ಕಂಡ್ ಬಂದಿವ್ನಿ. ಅದು ಎದೆ ಅರ್ಟಲ್ಲ, ಸೆಕೆಂಡ್ಗೆ ಎಷ್ಟು ಸಲ ಬಡೀತದೆ ಅನ್ನೋ ಲೆಕ್ಕ. ನಿಮ್ದು ಮುನ್ನೂರು ಕೋಟಿ ಸಲ ಬಡೀತದೆ, ನಮ್ದು ನೂರೆಂಬತ್ತು ಕೋಟಿ. ಆದ್ರೆ ಒಂದ್ಸಲ ಬಡುದ್ರೆ ಎಷ್ಟು ಕೆಲ್ಸ ಮಾಡ್ತದೆ ಅನ್ನೋದು ಬ್ಯಾರೆ. ನಿಮ್ದು ಹಳೇ ಜಾತೀದು. ನಮ್ದ್ರೊಳಗೆ ಕೆಲ್ಸ ಮಾಡೋರೂ ಇಬ್ರವ್ರೆ."

ನನ್ನ ಮುಖದಲ್ಲಿ ಏನೂ ಅರ್ಥವಾಗದ್ದು ಕಂಡಿರಬೇಕು. ಅವಳು ಎಲೆ ಕಟ್ಟುತ್ತಿದ್ದವರ ಕಡೆ ಕೈ ತೋರಿಸಿದಳು.

"ಅಲ್ನೋಡು. ನಿಮ್ಮವ್ವನ ಕೈ ಪಟಪಟ ಅಂತ ಆಡ್ತದೆ, ಆದ್ರೆ ಒಂದ್ಸಲಕ್ಕೆ ಎಲ್ಡೇ ಎಲೆ. ನಮ್ಮವ್ವ ನಿಧಾನ, ಆದ್ರೆ ನಾಕು ಎಲೆ. ಯಾರ ಕಡ್ಡಿ ಮೊದ್ಲು ತುಂಬ್ತು?"

ಕೂತಿದ್ದ ಹೆಂಗಸರೆಲ್ಲ ನಕ್ಕರು. ಅಮ್ಮನ ಕೈ ನಿಂತುಹೋಯಿತು. ಅವಳು ಎದುರಿಗಿದ್ದ ಅರ್ಧ ತುಂಬಿದ ಕಡ್ಡಿಯನ್ನೇ ನೋಡುತ್ತ ತಲೆ ತಗ್ಗಿಸಿದಳು.

ಈಗ ಯೋಚಿಸಿದರೆ, ಅದಕ್ಕಿಂತ ಚೆನ್ನಾಗಿ ಆ ವಿಷಯವನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ. ಅವತ್ತು ನನಗೆ ಕೇಳಿಸಿದ್ದು ಇಷ್ಟೇ: ಇವಳು ನನ್ನ ಅಮ್ಮನನ್ನು ಆಡಿಕೊಂಡಳು. ಪಕ್ಕದಲ್ಲಿ ಬಿದ್ದಿದ್ದ ಖಾಲಿ ಕಡ್ಡಿ ಎತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದೆ. ಅದು ಅವಳ ಎಡಗಿವಿಗೆ ಬಿತ್ತು.

ಸವಿತ ಅಳಲಿಲ್ಲ, ತಿರುಗಿ ಬಂದು ಕಚ್ಚಲೂ ಇಲ್ಲ. ಹಸಿ ಎಲೆಗಳ ರಾಶಿಯ ಮೇಲೆ ಕೂತುಬಿಟ್ಟಳು. ಕಿವಿಯಿಂದ ರಕ್ತ ಇಳಿದು ಕತ್ತಿನ ಮೇಲೆ ಹರಿದು ಎಲೆಗಳಿಗೆ ತೊಟ್ಟಿಕ್ಕಿತು. "ಅಯ್ಯೋ ನನ್ ಕೂಸೇ" ಎಂದು ದೊಡ್ಡಮ್ಮ ಕಿರುಚಿದ್ದು ಕೇಳಿ ಅಪ್ಪ ಬ್ಯಾರನ್ನಿನ ಒಲೆ ಬಿಟ್ಟು ಓಡಿ ಬಂದ. ಅದೇ ಕಡ್ಡಿ ಕಿತ್ತುಕೊಂಡು, ಅದು ಮುರಿಯುವ ತನಕ ನನ್ನ ಬೆನ್ನಿಗೆ, ತೊಡೆಗೆ ಬಾರಿಸಿದ. ಆಮೇಲೆ ಮನೆಯೊಳಗಿಂದ ಕಂಪ್ಯೂಟರ್ ಎಳೆದು ತಂದು ಅಂಗಳಕ್ಕೆ ಎಸೆದು, ಸೌದೆ ಸೀಳುವ ಕೊಡಲಿ ಎತ್ತಿದ.

"ಮೂರು ಬೇಕಾ ನಿಂಗೆ, ಮೂರು? ತಗೋ ಒಂದು! ಎಲ್ಡು! ಮೂರು!"

ಮೂರನೇ ಏಟಿಗೆ ಪರದೆಯ ಗಾಜು ಪಟಾಕಿಯ ಹಾಗೆ ಸಿಡಿಯಿತು. ಅಪ್ಪನ ಕೈ ಮೇಲೆಲ್ಲ ಚೂರು, ರಕ್ತ. ಅಷ್ಟಾದರೂ ಅವನು ನಿಲ್ಲಿಸಲಿಲ್ಲ. ದೊಡ್ಡಪ್ಪ ಹಿಂದಿನಿಂದ ಬಂದು ತಬ್ಬಿ ಹಿಡಿದ. "ಬುಡೋ, ಸಾಕು ಬುಡೋ! ಮಗೀನ ಆಸ್ಪತ್ರೆಗೆ ತಕ್ಕೊಂಡೋಗವ ನಡಿ!" ಅಣ್ಣತಮ್ಮಂದಿರು ಇಬ್ಬರೂ ಕೊಸರಾಡುತ್ತ ನೆಲಕ್ಕೆ ಬಿದ್ದರು. ನಾನು ಗೋಡೆಗೆ ಒರಗಿ, ಎಲೆಗಳ ರಾಶಿಯ ಮೇಲೆ ಕೂತಿದ್ದವಳನ್ನೇ ನೋಡುತ್ತಿದ್ದೆ. ನಾನು ಹೆದರಿದ್ದು ಅಪ್ಪನ ಏಟಿಗಲ್ಲ. ಸವಿತ ಯಾಕೆ ನನ್ನನ್ನು ತಿರುಗಿ ಹೊಡೆಯಲಿಲ್ಲ ಅನ್ನುವುದೇ ನನಗೆ ಹೆದರಿಕೆಯಾಗಿತ್ತು.

ಪಿರಿಯಾಪಟ್ಟಣದ ಆಸ್ಪತ್ರೆಯಿಂದ ಅವಳನ್ನು ಮೈಸೂರಿಗೆ ಕರೆದೊಯ್ದರು. ಗಾಯ ಮಾಯಿತು. ಆ ಕಿವಿ ಮಾತ್ರ ಮತ್ತೆ ಕೇಳಿಸಲಿಲ್ಲ.

ಎರಡು ವಾರ ಬಿಟ್ಟು ಅವಳು ಮನೆಗೆ ಬಂದ ದಿನ ನಾನು ಲಂಗದ ತುದಿ ತಿರುಚಿಕೊಳ್ಳುತ್ತ ಹೋಗಿ ಅವಳ ಮುಂದೆ ನಿಂತೆ. ತೋಳು ಚಾಚಿ, "ಕಚ್ಚೇ. ಎಷ್ಟು ಬೇಕೋ ಅಷ್ಟು ಕಚ್ಚು," ಎಂದೆ. ಅವಳು ನನ್ನ ತೋಳನ್ನು ಒಂದು ಕ್ಷಣ ನೋಡಿದಳು.

"ಬುಡಿ," ಎಂದಳು. "ಅದ್ಯಾಕೆ."

ಹುಟ್ಟಿದಾಗಿನಿಂದ ಲೇ ಎಂದೇ ಕರೆದವಳು ಅವತ್ತಿನಿಂದ ಪರಸ್ಥಳದವರನ್ನು ಮಾತಾಡಿಸುವ ಹಾಗೆ ಬಹುವಚನ ಹಾಕಿ ನನ್ನನ್ನು ಮಾತಾಡಿಸತೊಡಗಿದಳು. ನಾವು ಮತ್ತೆ ಯಾವತ್ತೂ ಹೊಡೆದಾಡಲಿಲ್ಲ. ಮನೆಯವರಿಗೆ ಅದರಿಂದ ಸಮಾಧಾನ. ನನಗೆ ಊಟ ಸೇರುತ್ತಿರಲಿಲ್ಲ.

ಈಗ ಹುಣಸೂರಿನಲ್ಲಿ ನನ್ನದೇ ಒಂದು ಕಂಪ್ಯೂಟರ್ ಅಂಗಡಿಯಿದೆ. ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು, "ಮೇಡಂ, ಇದ್ರಲ್ಲಿ ನಂಬರ್ ಜಾಸ್ತಿ ಐತೆ, ಇದೇ ಫಾಸ್ಟ್ ಅಲ್ವಾ?" ಎಂದು ಕೇಳದ ಗಿರಾಕಿಯೇ ಇಲ್ಲ. ಒಂದೇ ಜಾತಿಯ, ಒಂದೇ ಕಾಲದ ಎರಡು ಚಿಪ್ಪುಗಳಾದರೆ ಮಾತ್ರ ಆ ನಂಬರಿಗೆ ಬೆಲೆ ಎಂದು ನಾನು ಹೇಳುತ್ತೇನೆ. ಒಂದು ಬಡಿತಕ್ಕೆ ಎಷ್ಟು ಕೆಲಸ, ಒಳಗೆ ಕೆಲಸಗಾರರು ಎಷ್ಟು ಜನ, ಅದನ್ನು ನೋಡಿ ಎನ್ನುತ್ತೇನೆ. ಅರ್ಥವಾಗದಿದ್ದರೆ ಸೊಪ್ಪು ಕಟ್ಟುವ ಇಬ್ಬರು ಹೆಂಗಸರ ಕಥೆ ಹೇಳುತ್ತೇನೆ. ತಕ್ಷಣ ತಲೆ ಆಡಿಸುತ್ತಾರೆ. ಜಾಣೆ ಎಂದು ನನ್ನನ್ನು ಹೊಗಳಿ ಹೋದವರೂ ಇದ್ದಾರೆ, ನಾನು ಬಾಯಿ ಮುಚ್ಚಿಕೊಂಡು ಆ ಹೊಗಳಿಕೆ ತಿಂದಿದ್ದೇನೆ.

ಹೋದ ತಿಂಗಳು ಸವಿತ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ಹೈಸ್ಕೂಲಿಗೆ ಸೇರಿದ್ದಾಳೆ. ಅವಳೂ ಅದನ್ನೇ ಕೇಳಿದಳು, ನಾನೂ ಅದೇ ಕಥೆ ಹೇಳಿದೆ. ಕಡ್ಡಿ ತುಂಬಿದ ಜಾಗಕ್ಕೆ ಬಂದಾಗ ಕಥೆ ನಿಲ್ಲಿಸಿದೆ. ಮಗಳನ್ನು ಬಿಟ್ಟು ಸವಿತನ ಕಡೆ ತಿರುಗಿದೆ.

"ಅವತ್ತು ನೀನ್ ಹೇಳಿದ್ದೇ ಸರಿ ಕಣೆ ಸವಿ. ನಾನೇ ತಪ್ಪು."

ಇಷ್ಟು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಎಡಮಗ್ಗುಲು ನನ್ನ ಕಡೆ ಮಾಡಿಕೊಂಡು ನಿಂತು ಗಾಜಿನ ಕಪಾಟಿನಲ್ಲಿದ್ದ ಚಾರ್ಜರ್‌ಗಳನ್ನು ನೋಡುತ್ತಿದ್ದಳು. ನನ್ನ ಕಡೆಗಿದ್ದದ್ದು ಕೇಳಿಸದ ಕಿವಿ. ಮಗಳು ಅವಳ ತೋಳು ಮುಟ್ಟಿ, "ಅವ್ವ, ಚಿಕ್ಕಮ್ಮ ಏನೋ ಹೇಳ್ತಾವ್ರೆ," ಎಂದಳು.

ಸವಿತ ಮುಖ ಪೂರ್ತಿ ತಿರುಗಿಸಿ, ಬಲಗಿವಿ ನನ್ನತ್ತ ತಂದು, ನಗುತ್ತಲೇ ಕೇಳಿದಳು.

"ಏನಂದ್ರಿ?"